ಎಂಬಿಎಗೆ ಮೊದಲು ಅಡಿಕೆ ಮಂಡಿ?

ತೀರ್ಥಹಳ್ಳಿಯ ಹುಡುಗಿ: ಶಿವಮೊಗ್ಗದಲ್ಲಿ ಬಿಕಾಂ ಕೊನೆಯ ವರ್ಷ. ನವೆಂಬರಿನಲ್ಲಿ ಎಂಬಿಎ ಪ್ರವೇಶ ಪರೀಕ್ಷೆ ಕ್ಯಾಟ್ ಬರೆದು ನೇರವಾಗಿ ಎಂಬಿಎ ಸೇರು ಎನ್ನುತ್ತಾರೆ ಅಪ್ಪ. ನನಗೆ ಸಾಗರದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿದೆ. ಎರಡು ವರ್ಷ ದುಡಿದರೆ ಓದು ಕೈತಪ್ಪುತ್ತದೆಯೇ?

ಹೊಸನಗರದವನು: ಐಐಎಂಗಳ (ಕೇಂದ್ರದ ಮ್ಯಾನೇಜ್‌ಮೆಂಟ್ ಸಂಸ್ಥೆಗಳು) ಎರಡು ವರ್ಷದ ಎಂಬಿಎಗೆ ಅನುಭವ ಕಡ್ಡಾಯವಲ್ಲ. ಆದರೆ ಬೆಂಗಳೂರು ಐಐಎಂನ ಆಯ್ಕೆಯಲ್ಲಿ ಅದಕ್ಕೂ ತೂಕವಿದೆ. ಈಗಲೇ ಕ್ಯಾಟ್ ಬರೆದಿಟ್ಟುಕೊಳ್ಳುವೆ ಎನ್ನಬೇಡಿ, ಅಂಕ ಆ ಸಲದ ಪ್ರವೇಶಕ್ಕಷ್ಟೇ, ಎರಡು ವರ್ಷ ಬಾರದು.

ಹಳೇ ಎಂಬಿಎ: ತಂಗೀ, ನಾನು ನೇರವಾಗಿ ಸೇರಿದವನು. ದುಡಿಯುವ ಬಂಡವಾಳದ (ದಿನನಿತ್ಯದ ವಹಿವಾಟು ನಡೆಸಲು ಬೇಕಾದ ಹಣ) ಪಾಠವನ್ನು ಬಾಯಿಪಾಠ ಮಾಡಿ ಪಾಸಾದೆ. ಅದು ಅರ್ಥವಾದದ್ದು ಊರಿಗೆ ಮರಳಿ ಮಂಡಿಯಲ್ಲಿ ಕೂತಾಗ: ಬೆಳೆಗಾರರು ಮಳೆಗಾಲದಲ್ಲೇ ಮುಂಗಡ ಒಯ್ಯುತ್ತಾರೆ, ಅಡಿಕೆ ಬರುವುದು ಕೊಯ್ಲು ಮುಗಿದು ಒಣಗಿದ ಮೇಲೆ, ಖರೀದಿದಾರನ ಹಣ ಇನ್ನೂ ತಡ. ನಡುವಿನ ತಿಂಗಳುಗಳ ಬಡ್ಡಿ ಯಾರ ತಲೆಗೆ? ನಾನಾದರೆ ಮಂಡಿಯ ಕೆಲಸಕ್ಕೆ ಹೋಗುತ್ತಿದ್ದೆ. ಬರೀ ಲೆಡ್ಜರಿಗೆ ಅಂಟಿಕೊಳ್ಳಬೇಡ. ರಾಶಿ, ಬೆಟ್ಟೆ, ಗೊರಬಲು ಎಂದು ಅಡಿಕೆಯ ದರ್ಜೆ ಬೇರ್ಪಡಿಸುವ ಹೆಂಗಸರ ಪಕ್ಕ ಕೂತು ನೋಡು. ಸಂಜೆ ಎರಡು ಗಂಟೆ ಗಣಿತ ಮಾತ್ರ ಬಿಡಬೇಡ, ಅದು ಬಹಳ ಬೇಗ ತುಕ್ಕು ಹಿಡಿಯುತ್ತದೆ.

ತೀರ್ಥಹಳ್ಳಿಯ ಹುಡುಗಿ: ಅಪ್ಪನಿಗೆ ಓದಿ ಹೇಳಿದೆ ಅಣ್ಣಾ. ಸಂಬಳ ಎಷ್ಟು ಎಂದಷ್ಟೇ ಕೇಳಿದರು.