ಆರಾಧನೆಗೆ ಹಾರ್ಮೋನಿಯಂ ಸಾಕೇ, ಕೀಬೋರ್ಡ್ ಬೇಕೇ, ವಾದಕರಿಗೆ ಸಂಭಾವನೆ ಕೊಡಬೇಕೇ? ಅನುಭವ ಇದ್ದವರು ತಿಳಿಸಿರಿ

ಹಾವೇರಿಯ ಸಭಾ ಕಾರ್ಯದರ್ಶಿ:
ಎಲ್ಲರಿಗೂ ವಂದನೆಗಳು. ನಮ್ಮದು ಹಾವೇರಿ ಜಿಲ್ಲೆಯ ಸುಮಾರು ಅರವತ್ತು ಕುಟುಂಬಗಳ ಕ್ರೈಸ್ತ ಸಭೆ. ದೇವಾಲಯಕ್ಕೆ ತಗಡಿನ ಚಾವಣಿ ಇರುವುದರಿಂದ ಒಳಗೆ ಧ್ವನಿ ಬಹಳ ಮೊಳಗುತ್ತದೆ. ಹಳೆಯ ಹಾರ್ಮೋನಿಯಂನ ತಿದಿ ಸೋರುತ್ತಿದೆ. ಯುವಜನರು ಕೀಬೋರ್ಡ್ ಮತ್ತು ಡ್ರಮ್ಸ್ ಕೇಳುತ್ತಿದ್ದಾರೆ, ಹಿರಿಯರು ಒಪ್ಪುತ್ತಿಲ್ಲ. ಸಮಿತಿಯು 1,20,000 ರೂಪಾಯಿ ತೆಗೆದಿರಿಸಿದೆ. ಇದರ ಜೊತೆಗೆ, ಹೊರಗಿನಿಂದ ಬರುವ ತಬಲಾ ವಾದಕರು ಭಾನುವಾರಕ್ಕೆ 500 ರೂಪಾಯಿ ಮತ್ತು ಬಸ್ ಖರ್ಚು ಕೇಳಿದ್ದಾರೆ. ಹಾರ್ಮೋನಿಯಂ ಬಾರಿಸುವ ನಿವೃತ್ತ ಶಿಕ್ಷಕರು ಏನನ್ನೂ ತೆಗೆದುಕೊಳ್ಳುವುದಿಲ್ಲ. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಕೊಡದಿದ್ದರೆ ತಪ್ಪಾಗುತ್ತದೆಯೇ? ನಿಮ್ಮ ಸಭೆಗಳಲ್ಲಿ ಏನು ಮಾಡಿದ್ದೀರಿ?

ಬೆಟಗೇರಿಯ ಹಿರಿಯರು:
ಹಾರ್ಮೋನಿಯಂ ಬಿಡಬೇಡಿರಿ ಎಂದು ಮೊದಲೇ ಹೇಳಿಬಿಡುತ್ತೇನೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಪ್ರಚಾರಕ ಸಂಸ್ಥೆಯವರು ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ನಮ್ಮ ಬೆಟಗೇರಿಗೆ 1841ರಲ್ಲಿ ಬಂದರು. ಅವರು ತಂದ ಜರ್ಮನ್ ರಾಗಗಳಿಗೆ ಕನ್ನಡ ಪದಗಳನ್ನು ಹೊಂದಿಸಿ ಹಾಡಿದ್ದು ಒಂದು ಧಾರೆಯಾದರೆ, ನಮ್ಮವರೇ ಭಜನೆಯ ಧಾಟಿಯಲ್ಲಿ ಕಟ್ಟಿಕೊಂಡ ಕ್ರಿಸ್ತಕೀರ್ತನೆಗಳು ಇನ್ನೊಂದು ಧಾರೆ. 1853ರಲ್ಲಿ ಈ ನಾಡಿಗೆ ಬಂದ ಕಿಟ್ಟೆಲರು ಕ್ರಿಸ್ತನ ಕಥೆಯನ್ನು ಕನ್ನಡ ಪದ್ಯದಲ್ಲಿ ಹೇಳಲು ಹೊರಟದ್ದೂ, 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನು ಸಂಪಾದಿಸಿ ಅಚ್ಚು ಹಾಕಿಸಿದ್ದೂ ಒಂದೇ ಕಾಳಜಿಯಿಂದ ಎಂದು ನಾನು ತಿಳಿದಿದ್ದೇನೆ. ನಮ್ಮ ಜನರು ಬಾಯಿತುಂಬ ಹಾಡಬೇಕಾದರೆ ಹಾಡು ಅವರ ನುಡಿಯ ನಡೆಯಲ್ಲಿಯೇ ಇರಬೇಕು.

ನಮ್ಮ ಸಭೆಯಲ್ಲಿಯೂ ಹಾರ್ಮೋನಿಯಂ ಮೂಲೆಗೆ ಸೇರಿಸುವ ಮಾತು ಬಂದಿತ್ತು. ನಾನು ಸಮಿತಿಯಲ್ಲಿ ನಿಂತು ವಿರೋಧಿಸಿ, ದುರಸ್ತಿಯ ಅರ್ಧ ಹಣವನ್ನು ಕೈಯಿಂದ ಹಾಕಿದೆ. ಹೊಸ ತಿದಿಗೆ 3,200, ರೀಡುಗಳನ್ನು ಶುದ್ಧಮಾಡಿ ಶ್ರುತಿ ಸರಿಪಡಿಸಲು 2,500, ಬೆರಳಿನಿಂದ ಒತ್ತುವ ಪಟ್ಟಿಗಳ ಕೆಳಗಿನ ಉಣ್ಣೆಬಟ್ಟೆಗೆ 600, ಸಾಗಣೆಗೆ 500, ಒಟ್ಟು 6,800 ರೂಪಾಯಿ. ಅಷ್ಟಕ್ಕೇ ಮುಗಿಯಲಿಲ್ಲ. ದುರಸ್ತಿ ಮಾಡಿದವರು ಶ್ರುತಿಯನ್ನು ತುಸು ಏರಿಸಿಬಿಟ್ಟಿದ್ದರಿಂದ, ಕ್ರಿಸ್ತಜಯಂತಿಯ ಆರಾಧನೆಗೆ ಬಂದ ಕೊಳಲು ವಾದಕರಿಗೆ ಹೊಂದಲೇ ಇಲ್ಲ. ಮತ್ತೆ ಕಳುಹಿಸಿ 900 ಕೊಟ್ಟೆವು. ಮಳೆಗಾಲದಲ್ಲಿ ಮರ ಉಬ್ಬಿ ಎರಡು ಪಟ್ಟಿಗಳು ಅಂಟಿಕೊಂಡವು, ಅದಕ್ಕೆ ಇನ್ನೂ 350. ಎಲ್ಲ ಸೇರಿ 8,050. ಒಂದು ಲಕ್ಷದ ಮಾತೆಲ್ಲಿ, ಇದೆಲ್ಲಿ?

ಹುಬ್ಬಳ್ಳಿಯ ಗಾಯನ ಮಂಡಳಿಯವಳು:
ಬೆಟಗೇರಿಯ ಹಿರಿಯರೇ, ಹಾರ್ಮೋನಿಯಂ ಮಾತ್ರ ನಮ್ಮದು, ಕೀಬೋರ್ಡ್ ಪರದೇಶದ್ದು ಎಂಬ ಧ್ವನಿ ನಿಮ್ಮ ಮಾತಿನಲ್ಲಿ ಕೇಳುತ್ತದೆ, ಅದಕ್ಕಾಗಿ ಬರೆಯುತ್ತಿದ್ದೇನೆ. ಹಾರ್ಮೋನಿಯಂಗೆ 1842ರಲ್ಲಿ ಪ್ಯಾರಿಸ್ಸಿನ ದೆಬೇನ್ ಎಂಬವರು ಹಕ್ಕುಪತ್ರ ಪಡೆದರು. ಕಾಲಿನಿಂದ ತುಳಿಯುವ ಆ ವಾದ್ಯವನ್ನು ನೆಲದ ಮೇಲೆ ಕುಳಿತು ಕೈಯಿಂದ ತಿದಿ ಒತ್ತುವಂತೆ ಬದಲಿಸಿದ್ದು ಕೋಲ್ಕತ್ತದಲ್ಲಿ. ನಮ್ಮ ಸಂಗೀತದ ಗಮಕಕ್ಕೆ ಒಗ್ಗುವುದಿಲ್ಲವೆಂದು ಆಕಾಶವಾಣಿಯು 1940ರಲ್ಲಿ ಅದನ್ನು ಹೊರಗಿಟ್ಟು ಮೂವತ್ತು ವರ್ಷ ಒಳಗೆ ಬಿಡಲಿಲ್ಲ. ಅಂಥ ವಾದ್ಯ ಇಂದು ನಮ್ಮದಾಗಿದೆ ಎಂದಾದರೆ ಕೀಬೋರ್ಡ್ ಏಕೆ ಆಗಬಾರದು?

ನಮ್ಮ ಖರ್ಚನ್ನೂ ಮುಚ್ಚಿಡದೆ ಹೇಳುತ್ತೇನೆ. ಕೀಬೋರ್ಡ್ 38,500, ಸ್ಟ್ಯಾಂಡ್ 1,800, ಕಾಲಿನ ಪೆಡಲ್ 1,200, ಆಂಪ್ಲಿಫೈಯರ್ 16,000, ವೈರುಗಳಿಗೆ 1,400, ಹೀಗೆ 58,900 ಆಯಿತು. ಶುಭ ಶುಕ್ರವಾರದ ಮೂರು ತಾಸಿನ ಆರಾಧನೆಯಲ್ಲಿ ಯೇಸು ಶಿಲುಬೆಯಲ್ಲಿ ನುಡಿದ ಏಳು ವಾಕ್ಯಗಳಲ್ಲಿ ನಾಲ್ಕನೆಯದರ ಧ್ಯಾನ ನಡೆದಾಗ ಕರೆಂಟು ಹೋಯಿತು. ಸಭೆಯೆಲ್ಲ ತಿರುಗಿ ನನ್ನನ್ನೇ ನೋಡಿತು. ಆ ವಾರವೇ 14,500 ಕೊಟ್ಟು ಇನ್ವರ್ಟರ್ ಮತ್ತು ಬ್ಯಾಟರಿ ಹಾಕಿಸಿದೆವು. ಬಳಿಕ ಡ್ರಮ್ಸ್ ಬಂತು. ಅಕ್ಕಪಕ್ಕದ ಮನೆಯವರು ದೂರು ಕೊಟ್ಟರು. ವಸತಿ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬಲ್, ರಾತ್ರಿಗೆ 45 ಡೆಸಿಬಲ್ ಎಂಬ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮವನ್ನು ನಾವು ಓದಿಕೊಂಡದ್ದು ಆಗಲೇ. ಡ್ರಮ್ಸ್ ಅನ್ನು ಅರ್ಧ ಬೆಲೆಗೆ ಕೊಟ್ಟು, ಧ್ವನಿಯನ್ನು ತಗ್ಗಿಸಬಹುದಾದ ರಿದಮ್ ಪ್ಯಾಡ್ ತಂದೆವು, ಅದಕ್ಕೆ 47,000. ಇಷ್ಟೆಲ್ಲ ಆದರೂ ನಾನು ಹಿಂದೆ ಸರಿಯುವುದಿಲ್ಲ. ಹಿಂದಿನ ಬೆಂಚಿನಲ್ಲಿ ಮೊಬೈಲ್ ನೋಡುತ್ತ ಕೂರುತ್ತಿದ್ದ ಹುಡುಗರು ಈಗ ಶನಿವಾರ ಸಂಜೆಯ ಅಭ್ಯಾಸಕ್ಕೆ ನನಗಿಂತ ಮೊದಲು ಬಂದು ಕಸ ಗುಡಿಸಿರುತ್ತಾರೆ. ಆ ಹುಡುಗರ ಮುಂದೆ ಈ ಖರ್ಚು ನನಗೆ ದೊಡ್ಡದಲ್ಲ.

ಗದಗಿನ ತಬಲಾ ವಾದಕ:
ನಾನು ಕ್ರೈಸ್ತನಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರ ಹತ್ತಿರ ತಬಲಾ ಕಲಿತು, ಭಜನೆ, ನಾಟಕ, ದೇವಾಲಯದ ಆರಾಧನೆ ಎಲ್ಲದಕ್ಕೂ ಬಾರಿಸುತ್ತೇನೆ. ಸಂಭಾವನೆಯ ಪ್ರಶ್ನೆ ಬಂದಿರುವುದರಿಂದ ಹೇಳಲೇಬೇಕು. ಒಂದು ಸಭೆಯವರು ಹಬ್ಬ ಮುಗಿದ ಮೇಲೆ ಕೊಡುತ್ತೇವೆ ಎಂದು ಹೇಳಿ, ಕೇಳಿದಾಗ “ದೇವರ ಸೇವೆಗೆ ಲೆಕ್ಕ ಇಡಬಾರದು” ಎಂದರು. ಬಲಗೈ ತಬಲಾದ ಪುಡಿ, ಅಂದರೆ ಮೇಲಿನ ಚರ್ಮದ ಹೊದಿಕೆ, ಹರಿದರೆ ಅಂಗಡಿಯವನು ಲೆಕ್ಕ ಇಡದೆ ಕೊಡುವುದಿಲ್ಲ. ಒಳ್ಳೆಯ ಪುಡಿಗೆ 900, ಎಡಗೈಯದಕ್ಕೆ 1,100, ಕಟ್ಟಿಸುವ ಕೂಲಿ ಬೇರೆ.

ಆರಾಧನೆಯಲ್ಲಿ ಬಾರಿಸುವುದು ಸುಲಭವೆಂದು ತಿಳಿಯಬೇಡಿರಿ. ಭಜನೆಯ ಧಾಟಿಯ ಹಾಡುಗಳು ಎಂಟು ಮಾತ್ರೆಯ ಕೆಹರವಾದಲ್ಲಿ ಸಲೀಸಾಗಿ ನಡೆಯುತ್ತವೆ, ಮೂರು ಎಣಿಕೆಯ ಪಾಶ್ಚಾತ್ಯ ರಾಗಗಳಿಗೆ ಆರು ಮಾತ್ರೆಯ ದಾದರಾ ಕೂಡುತ್ತದೆ. ಆದರೆ ಹಳೆಯ ಜರ್ಮನ್ ರಾಗಗಳಲ್ಲಿ ಪ್ರತಿ ಸಾಲಿನ ಕೊನೆಗೆ ಸಭೆ ಸ್ವರವನ್ನು ಎಳೆದು ಉಸಿರು ತೆಗೆದುಕೊಳ್ಳುತ್ತದೆ, ತಾಳದ ಆವರ್ತನ ಅಲ್ಲಿ ಮುರಿಯುತ್ತದೆ. ಅಂಥ ಕಡೆ ಕೈ ತೆಗೆದು ಸುಮ್ಮನೆ ಕೂರುವುದನ್ನು ಕಲಿಯಲು ನನಗೆ ಬಹಳ ಕಾಲ ಹಿಡಿಯಿತು. ಕೀಬೋರ್ಡಿನವರು ಗುಂಡಿ ಒತ್ತಿ ಕಪ್ಪು ಒಂದರ ಶ್ರುತಿಯಿಂದ ಕಪ್ಪು ಎರಡರ ಶ್ರುತಿಗೆ ಕ್ಷಣದಲ್ಲಿ ಹೋಗಿಬಿಡುತ್ತಾರೆ, ನನ್ನ ತಬಲಾ ಹೋಗುವುದಿಲ್ಲ. ಪ್ರತಿ ಹಾಡಿಗೂ ಶ್ರುತಿ ಬದಲಾಯಿಸುವುದಾದರೆ ಮೂರು ತಬಲಾ ಹೊತ್ತು ಬಸ್ಸು ಹತ್ತಬೇಕು. ನೀವು 500 ಎಂದರೆ ಹೆಚ್ಚೆನ್ನುತ್ತೀರಿ. ಅದರಲ್ಲಿ ಶನಿವಾರದ ಅಭ್ಯಾಸವೂ ಸೇರಿದೆಯೇ ಎಂದು ಯಾರೂ ಕೇಳುವುದಿಲ್ಲ.

ನವನಗರದ ವಿಶ್ವಾಸಿ:
ನಂಬಿಕೆಯಿಲ್ಲದವರನ್ನು ಹಣ ಕೊಟ್ಟು ಕರೆಸಿ ಬಾರಿಸುವುದು ಆರಾಧನೆಯೇ ಅಲ್ಲ, ಅದು ಕಛೇರಿ. ನಮ್ಮ ಸಭೆಯಲ್ಲಿ ವಾದಕರಿಗೆ ಒಂದು ರೂಪಾಯಿ ಕೊಡುವುದಿಲ್ಲ. ನನ್ನ ಮಗ ಗಿಟಾರ್ ಬಾರಿಸುತ್ತಾನೆ. ತಂತಿಗೂ ನಾನೇ ಹಣ ಕೊಡುತ್ತೇನೆ, ಒಂದು ಜೊತೆಗೆ 650. ಬೈಬಲಿನಲ್ಲಿ ಪ್ರವಾದಿ ಆಮೋಸನ ಐದನೆಯ ಅಧ್ಯಾಯವನ್ನು ಓದಿರಿ: ನಿಮ್ಮ ಗೀತಗಳ ಗದ್ದಲವನ್ನು ನನ್ನಿಂದ ತೊಲಗಿಸಿರಿ ಎಂದು ಕರ್ತನೇ ಹೇಳಿದ್ದಾನೆ.

ಧಾರವಾಡದ ಕಥೋಲಿಕ ಓದುಗ:
ನವನಗರದ ಸಹೋದರರೇ, ಆಮೋಸನ ಆ ಮಾತನ್ನು ಮುಂದಿನ ವಚನದೊಂದಿಗೆ ಓದಬೇಕು. ನ್ಯಾಯವು ಹೊಳೆಯಂತೆ ಹರಿಯಲಿ ಎಂಬುದು ಅಲ್ಲಿಯ ಬೇಡಿಕೆ. ದುಡಿದವನಿಗೆ ಹಣ ಕೊಡದೆ ಹಾಡುವ ಸಭೆಗೆ ಆ ವಚನ ಮೊದಲು ತಾಗುತ್ತದೆ. ಪೂರ್ವಕಾಲವೃತ್ತಾಂತದ ಮೊದಲನೆಯ ಪುಸ್ತಕದ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಆಸಾಫ, ಹೇಮಾನ, ಯೆದುತೂನರ ಕೈಕೆಳಗೆ 288 ಮಂದಿ ತರಬೇತಿ ಪಡೆದ ಗಾಯಕರಿದ್ದರು. ಒಂಬತ್ತನೆಯ ಅಧ್ಯಾಯದ ಪ್ರಕಾರ ಹಗಲಿರುಳು ಹಾಡುವ ಕೆಲಸವಿದ್ದುದರಿಂದ ಗಾಯಕರಿಗೆ ಬೇರೆ ಕೆಲಸದಿಂದ ಬಿಡುಗಡೆ ಇತ್ತು. ನೆಹೆಮೀಯನ ಹದಿಮೂರನೆಯ ಅಧ್ಯಾಯದಲ್ಲಿ ಪಾಲು ಸಿಗದ ಲೇವಿಯರೂ (ದೇವಾಲಯದ ಸೇವೆಗೆ ನೇಮಕವಾದ ಕುಲದವರು) ಗಾಯಕರೂ ದೇವಾಲಯವನ್ನು ಬಿಟ್ಟು ತಮ್ಮ ತಮ್ಮ ಹೊಲಗಳಿಗೆ ಓಡಿಹೋದರು. ನೆಹೆಮೀಯನು ಗದರಿಸಿದ್ದು ಅವರನ್ನಲ್ಲ, ಅಧಿಕಾರಿಗಳನ್ನು.

ವಾದ್ಯದ ವಿಷಯದಲ್ಲಿ ನಮ್ಮ ಸಭೆಯೂ ಒಂದೇ ಮಾತಿನ ಮೇಲೆ ನಿಂತಿಲ್ಲ. 1903ರಲ್ಲಿ ಹತ್ತನೆಯ ಪಿಯುಸ್ ಪೋಪರು ಪಿಯಾನೊ, ಡ್ರಮ್ಸ್, ತಾಳಗಳನ್ನು ದೇವಾಲಯದೊಳಗೆ ನಿಷೇಧಿಸಿದರು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಪೈಪ್ ಆರ್ಗನ್ನಿಗೆ ಗೌರವದ ಸ್ಥಾನ ಕೊಟ್ಟರೂ, ಪವಿತ್ರ ಬಳಕೆಗೆ ತಕ್ಕ ಇತರ ವಾದ್ಯಗಳನ್ನು ಒಪ್ಪಿ, ಪ್ರತಿ ನಾಡಿನ ಸ್ವಂತ ಸಂಗೀತಕ್ಕೆ ತಕ್ಕ ಸ್ಥಾನ ಸಿಗಬೇಕೆಂದಿತು. ನಮ್ಮ ಧರ್ಮಕೇಂದ್ರದ ಬಲಿಪೂಜೆಯಲ್ಲಿ ನಾನು ತಂಬೂರಿ ಮತ್ತು ಕೊಳಲಿಗಾಗಿ ವಾದಿಸಿ ಸೋತೆ. ಈಗ ಅಲ್ಲಿ ಪೆನ್‌ಡ್ರೈವಿನಿಂದ ಹಾಡಿನ ಹಿನ್ನೆಲೆ ಹಾಕುತ್ತಾರೆ. ಯಂತ್ರವು ಸಭೆಗಾಗಿ ಕಾಯುವುದಿಲ್ಲ. ಮುದುಕರು ಸಾಲಿನ ಅರ್ಧಕ್ಕೆ ಬರುವಷ್ಟರಲ್ಲಿ ಅದು ಮುಂದಿನ ಚರಣಕ್ಕೆ ಹೋಗಿರುತ್ತದೆ. ಆ ನೋವು ಇನ್ನೂ ಆರಿಲ್ಲ.

ಬೆಟಗೇರಿಯ ಹಿರಿಯರು:
ಹುಬ್ಬಳ್ಳಿಯ ತಂಗಿಯವರೇ, ಪ್ಯಾರಿಸ್ಸಿನ ಚರಿತ್ರೆ ನನಗೂ ಗೊತ್ತು. ವಾದ್ಯ ಎಲ್ಲಿ ಹುಟ್ಟಿತು ಎಂಬುದಲ್ಲ ನನ್ನ ತಕರಾರು. ನಿಮ್ಮ ಲೆಕ್ಕವನ್ನು ಕೂಡಿಸಿದೆ: 58,900, ಇನ್ವರ್ಟರ್ 14,500, ಪ್ಯಾಡ್ 47,000, ಒಟ್ಟು 1,20,400. ಡ್ರಮ್ಸ್‌ನಲ್ಲಿ ಕಳೆದುಕೊಂಡದ್ದನ್ನು ನೀವು ಹೇಳಲೇ ಇಲ್ಲ. ಇಷ್ಟು ಹಣ ಕೊಟ್ಟ ಮೇಲೆ ನಿಮ್ಮ ಸಭೆಯ ಅಜ್ಜಿಯರು ಹಾಡುತ್ತಾರೆಯೇ, ಸುಮ್ಮನೆ ಕೇಳುತ್ತಾರೆಯೇ? ಅದನ್ನು ಹೇಳಿರಿ.

ಹುಬ್ಬಳ್ಳಿಯ ಗಾಯನ ಮಂಡಳಿಯವಳು:
ಹಾಡುತ್ತಾರೆ. ನಮ್ಮಲ್ಲಿ ಧ್ವನಿಮುದ್ರಣದ ಶ್ರುತಿಯನ್ನು ಕುರುಡಾಗಿ ಹಿಡಿಯುವುದಿಲ್ಲ, ಹೆಂಗಸರ ಕಂಠಕ್ಕೆ ಏರದ ಹಾಡನ್ನು ಶ್ರುತಿಯಲ್ಲಿ ಎರಡು ಮೂರು ಮೆಟ್ಟಿಲು ಇಳಿಸಿಯೇ ಬಾರಿಸುತ್ತೇವೆ. ತಬಲಾ ಮಾಸ್ತರರು ದೂರಿದ ಅದೇ ಗುಂಡಿಯಿಂದ ಅದು ಸಾಧ್ಯವಾಗಿದೆ. ನಿಮ್ಮ ಹಾರ್ಮೋನಿಯಂನಲ್ಲಿ ಬಾರಿಸುವವರಿಗೆ ಎಲ್ಲ ಶ್ರುತಿಗಳಲ್ಲಿ ಕೈ ಓಡದಿದ್ದರೆ ಅಜ್ಜಿಯರು ಅವರ ಕೈಗೆ ತಕ್ಕಂತೆ ಕಿರುಚಬೇಕಾಗುತ್ತದೆ. ಹಿರಿಯರೇ, ನಿಮ್ಮ ಸಭೆಯಲ್ಲಿ ಇಪ್ಪತ್ತೈದು ದಾಟದ ಒಬ್ಬ ವಾದಕನಾದರೂ ಇದ್ದಾನೆಯೇ?

ಬೆಟಗೇರಿಯ ಹಿರಿಯರು:
ಇದ್ದಾಳೆ. ನನ್ನ ಮೊಮ್ಮಗಳು. ಹಾರ್ಮೋನಿಯಂ ಮೇಲೆಯೇ ಕಲಿತಳು.

ಧಾರವಾಡದ ಕಥೋಲಿಕ ಓದುಗ:
ಇಬ್ಬರೂ ಒಂದು ಸಂಗತಿ ಗಮನಿಸಬೇಕು. ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ಪ್ರೊಟೆಸ್ಟಂಟ್ ಸುಧಾರಣೆಯ ಕಾಲಕ್ಕೆ, 1527ರಲ್ಲಿ, ದೊಡ್ಡ ದೇವಾಲಯದ ಆರ್ಗನ್ನನ್ನೇ ಕಳಚಿದರು. ನಿಂತುಹೋಗಿದ್ದ ಸಭೆಯ ಹಾಡು ಅಲ್ಲಿ ಮರಳಿ ಬಂದದ್ದು 1598ರಲ್ಲಿ. ಅದೇ ನಾಡಿನ ಬಾಸೆಲ್‌ನಲ್ಲಿಯಾದರೋ ಜನರು ಆ ವರ್ಷಗಳಲ್ಲಿಯೇ ಕೀರ್ತನೆಗಳನ್ನು ಹಾಡುತ್ತಿದ್ದರು. ಬೆಟಗೇರಿಗೆ ಬಂದ ಮಿಶನ್ ಹುಟ್ಟಿದ್ದು ಹಾಡಿದ ಊರಿನಲ್ಲಿ. ಯಾವ ವಾದ್ಯವಾದರೂ ಸರಿ, ಅದು ಜನರ ಬಾಯಿ ಮುಚ್ಚಿಸುವಂತಿದ್ದರೆ ಬೇಡ ಎಂಬಷ್ಟರಲ್ಲಿ ನೀವಿಬ್ಬರೂ ಒಂದೇ ಕಡೆ ಇದ್ದೀರಿ.

ನವನಗರದ ವಿಶ್ವಾಸಿ:
ಸಂಬಳದ ಪ್ರಶ್ನೆಯನ್ನು ಚರಿತ್ರೆಯಲ್ಲಿ ಮುಳುಗಿಸಬೇಡಿರಿ. ಲೇವಿಯರು ಇಸ್ರಾಯೇಲಿನವರೇ ಆಗಿದ್ದರು, ಹೊರಗಿನವರಲ್ಲ.

ಗದಗಿನ ತಬಲಾ ವಾದಕ:
ಅಣ್ಣಾವರೇ, ನನ್ನ ನಂಬಿಕೆಯನ್ನು ನೀವು ಅಳೆಯುವುದು ಬೇಡ. ನಿಮ್ಮ ಪ್ರಾರ್ಥನೆಯ ಹೊತ್ತಿಗೆ ನಾನು ತಬಲಾದ ಮೇಲೆ ಬಟ್ಟೆ ಹೊದಿಸಿ, ಕಾಲು ಮಡಚಿ ತಲೆತಗ್ಗಿಸಿ ಕೂತಿರುತ್ತೇನೆ. ನಿಮ್ಮ ಹಾಡಿನ ಒಂದು ಪದವೂ ಕೇಳಿಸದಂತೆ ಎಂದೂ ಬಾರಿಸಿಲ್ಲ. ಗುರುಗಳು ಕಲಿಸಿದ್ದು ಅದನ್ನೇ.

ಹಾವೇರಿಯ ಸಭಾ ಕಾರ್ಯದರ್ಶಿ:
ಎಲ್ಲರಿಗೂ ಕೃತಜ್ಞತೆಗಳು. ನಮ್ಮ ಹಾರ್ಮೋನಿಯಂ ಮಾಸ್ತರರಿಗೆ ಈ ಬರಹಗಳನ್ನು ಓದಿ ತೋರಿಸಿದೆ. ತಬಲಾದವರಿಗೆ ತಪ್ಪದೆ ಕೊಡಬೇಕು, ತನಗೆ ಪಿಂಚಣಿ ಇದೆ, ಆದ್ದರಿಂದ ಬೇಡ ಎಂದು ಅವರೇ ಹೇಳಿದರು. ಅಭ್ಯಾಸದ ದಿನಕ್ಕೆ ಬೇರೆಯಾಗಿ 200 ಸೇರಿಸಿ ಸಮಿತಿಯ ಮುಂದಿಡುತ್ತೇನೆ. ಆದರೆ ತಗಡಿನ ಚಾವಣಿಯ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಹುಬ್ಬಳ್ಳಿಯ ಗಾಯನ ಮಂಡಳಿಯವಳು:
ತಗಡಿನ ಕೆಳಗೆ ಡ್ರಮ್ಸ್ ಇಡಲೇಬೇಡಿರಿ, ಅದನ್ನು ನಾನೇ ಹೇಳುತ್ತಿದ್ದೇನೆ. ವಾದ್ಯ ಕೊಳ್ಳುವ ಮೊದಲು ಹಿಂದಿನ ಗೋಡೆಗೆ ದಪ್ಪ ಜಮಖಾನೆಗಳನ್ನು, ಗೋಡೆಗೆ ಅಂಟದಂತೆ ನಾಲ್ಕು ಬೆರಳು ಬಿಟ್ಟು, ತೂಗುಹಾಕಿ ನೋಡಿರಿ. ನವಲಗುಂದದ ಜಮಖಾನೆಯಾದರೆ ನೋಡಲೂ ಚೆನ್ನಾಗಿರುತ್ತದೆ. ಸ್ಪೀಕರುಗಳನ್ನು ಮೇಲೆ ಕಟ್ಟಬೇಡಿರಿ, ಜನರ ಕಿವಿಯ ಎತ್ತರಕ್ಕೆ ಎರಡೂ ಬದಿಗೆ ಇಡಿರಿ. ಆಮೇಲೆ ಹಾರ್ಮೋನಿಯಂಗೆ ಒಂದು ಮೈಕು ಸಾಕಾಗುತ್ತದೆಯೋ ಇಲ್ಲವೋ ತಿಳಿಯುತ್ತದೆ.

ಬೆಟಗೇರಿಯ ಹಿರಿಯರು:
ಮೈಕನ್ನು ತಿದಿಯ ಕಡೆಗೆ ಇಡಬಾರದು, ಗಾಳಿಯ ಸದ್ದು ಹಿಡಿಯುತ್ತದೆ. ಸ್ವರ ಹೊರಬರುವ ಮುಂದಿನ ಕಡೆಗೆ, ಒಂದು ಗೇಣು ದೂರದಲ್ಲಿ ಇಡಿಸಿರಿ. ದುರಸ್ತಿಗೆ ಕೊಡುವಾಗ ಶ್ರುತಿ ಏರಿಸಬಾರದೆಂದು ಚೀಟಿಯಲ್ಲಿ ಬರೆಯಿಸಿಕೊಳ್ಳಿರಿ.