ಪದಚರ್ಚೆ: ‘ಬೊಜ್ಜು ಕರಗಿಸುವ ಚುಚ್ಚುಮದ್ದು’ ಎನ್ನಬಹುದೇ? ಜೊತೆಗೆ ಚಯಾಪಚಯ, ಗ್ರಾಹಕ, ಪ್ರತಿರೋಧ, ನರ

ಪ್ರಶ್ನೆ

ಬಲ್ಲವರಲ್ಲಿ ಒಂದು ಕೋರಿಕೆ. ಮಧುಮೇಹಕ್ಕೂ ತೂಕ ಇಳಿಸಲೂ ಕೊಡುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಮುಂತಾದ ಔಷಧಗಳ ಬಗ್ಗೆ ರೋಗಿಗಳ ಕೈಗೆ ಕೊಡುವ ಎರಡು ಪುಟಗಳ ಕನ್ನಡ ಕೈಪಿಡಿ ಕರಡು ಹಂತದಲ್ಲಿದೆ. ಅದರ ಮುಖ್ಯ ವಾಕ್ಯ ಹೀಗಿದೆ:

“ಬೊಜ್ಜು ಕರಗಿಸುವ ಈ ಚುಚ್ಚುಮದ್ದು ಗ್ರಾಹಕಗಳನ್ನು ಪ್ರಚೋದಿಸಿ, ಚಯಾಪಚಯವನ್ನು ಚುರುಕುಗೊಳಿಸಿ, ಇನ್ಸುಲಿನ್ ಪ್ರತಿರೋಧವನ್ನು ತಗ್ಗಿಸಿ, ನರಗಳಲ್ಲಿ ಕಟ್ಟಿಕೊಂಡ ಕೊಬ್ಬನ್ನು ಶುದ್ಧಿ ಮಾಡುತ್ತದೆ.”

ವ್ಯಾಕರಣದ ತೊಡಕೇನೂ ಕಾಣುವುದಿಲ್ಲ. ಆದರೆ ಓದಿದವರು ಇದರಿಂದ ಏನು ಅರ್ಥ ಮಾಡಿಕೊಳ್ಳುತ್ತಾರೆ? ‘ಬೊಜ್ಜು’ ಬೇಕೋ ‘ಸ್ಥೂಲಕಾಯ’ ಬೇಕೋ? ‘ನರ’ ಸರಿಯೇ? ಔಷಧ ಮಾಡುವ ಕೆಲಸಕ್ಕೂ ಈ ಪದಗಳಿಗೂ ತಾಳೆಯಾಗುತ್ತದೆಯೇ ಎಂದು ವೈದ್ಯಕೀಯ ಬಲ್ಲವರು ನೋಡಬೇಕು.

ಉತ್ತರ 1

ಮೊದಲು ‘ಕರಗಿಸು’ ತೆಗೆಯಿರಿ. ಪತ್ರಿಕೆಯ ತಲೆಬರಹಕ್ಕೆ ಅದು ಒಪ್ಪಬಹುದು, ಕೈಪಿಡಿಗೆ ಒಪ್ಪದು. ಸೂಜಿ ಹೋದ ಜಾಗದ ಕೊಬ್ಬೇ ಕರಗುತ್ತದೆ ಎಂದು ಓದುಗರು ತಿಳಿಯಲು ಆ ಕ್ರಿಯಾಪದವೇ ದಾರಿ ಮಾಡಿಕೊಡುತ್ತದೆ. ಹಾಗೆ ತಿಳಿದವರು ಪ್ರತಿ ವಾರ ಹೊಟ್ಟೆಯ ಒಂದೇ ಕಡೆ ಚುಚ್ಚಿಕೊಂಡರೆ ಅಲ್ಲಿ ಗಂಟು ಕಟ್ಟಬಹುದು. ಹೊಟ್ಟೆ, ತೊಡೆ, ಮೇಲ್ದೋಳು ಮೂರೂ ಕಡೆ ಚುಚ್ಚಬಹುದು, ವಾರವಾರವೂ ಜಾಗ ಬದಲಿಸಬೇಕು. ಎಲ್ಲಿ ಚುಚ್ಚಿದರೂ ಔಷಧ ಸೇರುವುದು ರಕ್ತವನ್ನೇ.

ಅದು ಮಾಡುವ ಕೆಲಸ ಇಷ್ಟು. ಊಟವಾದ ಮೇಲೆ ಸಣ್ಣಕರುಳಿನ ಕೊನೆಯ ಭಾಗದಲ್ಲೂ ದೊಡ್ಡಕರುಳಿನಲ್ಲೂ ಇರುವ ಎಲ್ ಕೋಶಗಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಬಿಡುತ್ತವೆ. ಡಿಪಿಪಿ-4 ಎಂಬ ಕಿಣ್ವ ಒಂದೆರಡು ನಿಮಿಷಗಳಲ್ಲೇ ಅದನ್ನು ಕತ್ತರಿಸಿಹಾಕುತ್ತದೆ. ಸೆಮಾಗ್ಲುಟೈಡ್ ಅದೇ ಹಾರ್ಮೋನಿನ ತಿದ್ದಿದ ರೂಪ. ಕಿಣ್ವ ಕತ್ತರಿಸುವ ಜಾಗದ ಅಮೈನೊ ಆಮ್ಲ ಬದಲಾಗಿದೆ, ಜೊತೆಗೆ ಕೊಬ್ಬಿನಾಮ್ಲದ ಒಂದು ಬಾಲ ಸೇರಿದೆ. ಆ ಬಾಲದಿಂದ ಅದು ರಕ್ತದ ಪ್ರೋಟೀನಾದ ಅಲ್ಬುಮಿನ್‌ಗೆ ಅಂಟಿಕೊಂಡು ತಿರುಗುತ್ತದೆ. ಅರ್ಧಾಯುಷ್ಯ (ರಕ್ತದಲ್ಲಿರುವುದು ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ) ಸುಮಾರು ಒಂದು ವಾರ, ಹಾಗಾಗಿ ವಾರಕ್ಕೊಂದು ಸೂಜಿ ಸಾಕು. ಟಿರ್ಜೆಪಟೈಡ್ ಇದರ ಜೊತೆಗೆ ಜಿಐಪಿ ಎಂಬ ಇನ್ನೊಂದು ಕರುಳಿನ ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ. ಅದರ ಅರ್ಧಾಯುಷ್ಯ ಸುಮಾರು 5 ದಿನ.

ಮಿದುಳಿನ ಹೈಪೋಥಲಾಮಸ್ ಮತ್ತು ಮಿದುಳುಕಾಂಡದಲ್ಲಿ ಹಸಿವು ತಗ್ಗುತ್ತದೆ. ಜಠರ ನಿಧಾನವಾಗಿ ಖಾಲಿಯಾಗುತ್ತದೆ, ಮೊದಲ ವಾರಗಳಲ್ಲಿ ಇದು ಹೆಚ್ಚು. ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೆಚ್ಚು ಬರುತ್ತದೆ, ಅದೂ ರಕ್ತದಲ್ಲಿ ಸಕ್ಕರೆ ಏರಿದ್ದಾಗ ಮಾತ್ರ. ಸಕ್ಕರೆ ಏರಿಸುವ ಗ್ಲುಕಗಾನ್ ಹಾರ್ಮೋನು ಇಳಿಯುವುದರಿಂದ ಯಕೃತ್ತು ರಕ್ತಕ್ಕೆ ಬಿಡುವ ಸಕ್ಕರೆಯೂ ಇಳಿಯುತ್ತದೆ. ತಿನ್ನುವುದು ಕಡಿಮೆಯಾದ್ದರಿಂದ ದೇಹ ತಾನು ಕೂಡಿಟ್ಟ ಕೊಬ್ಬನ್ನು ಉರಿಸುತ್ತದೆ. ಹಾಗೆ ನೋಡಿದರೆ ಇಲ್ಲಿ ಕೊಬ್ಬು ಕರಗಿಸುವುದು ಔಷಧವಲ್ಲ, ಕಡಿಮೆ ಊಟ.

ಇದರಿಂದಲೇ ‘ಚಯಾಪಚಯವನ್ನು ಚುರುಕುಗೊಳಿಸಿ’ ಎಂಬುದು ತಪ್ಪು. ತೂಕ ಇಳಿದಂತೆ, ಸುಮ್ಮನೆ ಕೂತಿದ್ದಾಗ ದೇಹ ಖರ್ಚು ಮಾಡುವ ಶಕ್ತಿಯೂ ಇಳಿಯುತ್ತದೆ. ಇಳಿದ ತೂಕದಲ್ಲಿ ಕೊಬ್ಬಿನ ಜೊತೆ ಸ್ನಾಯುವಿನ ಪಾಲೂ ಇರುತ್ತದೆ. ಸಾಕಷ್ಟು ಪ್ರೋಟೀನು ತಿನ್ನಿ, ಭಾರ ಎತ್ತುವ ವ್ಯಾಯಾಮ ಮಾಡಿ ಎಂದು ವೈದ್ಯರು ಹೇಳುವುದು ಅದಕ್ಕೇ. ‘ಚುರುಕು’ ಎಂದು ಓದಿದ ರೋಗಿಗೆ ಆ ಸಲಹೆ ಏಕೆಂದೇ ತಿಳಿಯದು.

‘ಚಯಾಪಚಯ’ ಪದದಲ್ಲೇ ಇನ್ನೊಂದು ತೊಡಕಿದೆ. ಚಯ ಎಂದರೆ ಕೂಡಿಸುವುದು, ಅಪಚಯ ಎಂದರೆ ಒಡೆಯುವುದು. ಪಾಠಪುಸ್ತಕಕ್ಕೆ ಸೊಗಸಾದ ಜೋಡಿ. ಆದರೆ ಸಾಮಾನ್ಯ ಓದುಗರ ಕಿವಿಗೆ ‘ಅಪಚಯ’ವೂ ‘ಅಪಚನ’ವೂ ಒಂದೇ ಆಗಿ ಕೇಳುತ್ತವೆ. ಈ ಔಷಧಗಳು ವಾಕರಿಕೆ, ವಾಂತಿ, ಭೇದಿ, ಮಲಬದ್ಧತೆಗಳನ್ನು ನಿಜವಾಗಿಯೂ ತರುವುದರಿಂದ ಗೊಂದಲ ಇಮ್ಮಡಿ. “ದೇಹ ಸಕ್ಕರೆ, ಕೊಬ್ಬುಗಳನ್ನು ಬಳಸುವ ಬಗೆ” ಎಂದು ಬಿಡಿಸಿ ಬರೆದರೆ ನಾಲ್ಕು ಪದ ಹೆಚ್ಚಾಗುತ್ತದೆ, ಆಗಲಿ.

‘ಕರಗಿಸು’ ಬದಲು ‘ಇಳಿಸು’ ಇರಲಿ. ಇಳಿದದ್ದು ಏರಬಹುದು ಎಂಬ ಸೂಚನೆ ಆ ಪದದಲ್ಲೇ ಇದೆ. ವಾರಕ್ಕೆ 2.4 ಮಿ.ಗ್ರಾಂ. ಸೆಮಾಗ್ಲುಟೈಡ್ ಕೊಟ್ಟ ‘ಸ್ಟೆಪ್-1’ ಪ್ರಯೋಗದಲ್ಲಿ 68 ವಾರಗಳಿಗೆ ಸರಾಸರಿ ಶೇ. 14.9 ತೂಕ ಇಳಿಯಿತು, ಹುಸಿ ಔಷಧದವರಲ್ಲಿ (ಹೋಲಿಕೆಗಾಗಿ ಔಷಧವಿಲ್ಲದ ಸೂಜಿ ಪಡೆದವರಲ್ಲಿ) ಶೇ. 2.4. ಔಷಧ ನಿಂತ ಒಂದು ವರ್ಷದಲ್ಲಿ ಇಳಿದದ್ದರ ಮೂರರಲ್ಲಿ ಎರಡು ಪಾಲು ಮರಳಿ ಬಂತು.

ಉತ್ತರ 2

‘ಬೊಜ್ಜು’ ಉಳಿಸಿಕೊಳ್ಳಿ ಎಂಬುದು ನನ್ನ ಅಭಿಪ್ರಾಯ. ‘ಸ್ಥೂಲಕಾಯ’ ಗೌರವದ ಪದವಾಗಿ ಕಂಡರೂ ಮೈಯೆಲ್ಲ ದಪ್ಪ ಇರುವ ಚಿತ್ರ ಕೊಡುತ್ತದೆ. ಭಾರತೀಯರಲ್ಲಿ ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರಿಗೂ ಮಧುಮೇಹದ ಅಪಾಯ ಹೆಚ್ಚು. ಆದ್ದರಿಂದಲೇ ಇಲ್ಲಿ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 25ಕ್ಕೇ ಬೊಜ್ಜೆಂದು ಎಣಿಸುತ್ತಾರೆ, ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಗಡಿ 30. ಸೊಂಟದ ಸುತ್ತಳತೆಯ ಗಡಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಆಡುಮಾತಿನ ‘ಬೊಜ್ಜು’ ಹೊಟ್ಟೆಯನ್ನೇ ತೋರಿಸುವುದರಿಂದ ಶಾಸ್ತ್ರಕ್ಕೂ ಅದೇ ಹತ್ತಿರ.

‘ಗ್ರಾಹಕ’ (ಕೋಶದಲ್ಲಿ ಹಾರ್ಮೋನು ಬಂದು ಕೂರುವ ತಾಣ, ರಿಸೆಪ್ಟರ್) ಮಾತ್ರ ಬೇಡ. ಕೈಪಿಡಿ ಹಿಡಿದವರು ಅಂಗಡಿಯ ಗಿರಾಕಿಯನ್ನೇ ನೆನೆಯುತ್ತಾರೆ. ‘ಗ್ರಾಹಿ’ ಎಂಬ ರೂಪ ಬಳಕೆಯಲ್ಲಿದೆ, ಗೊಂದಲವಿಲ್ಲ. ಔಷಧಕ್ಕೆ ‘ಚೋದಕ’ ಎನ್ನಲೂ ಹೋಗಬೇಡಿ, ಹಳೆಯ ವಿಜ್ಞಾನ ಪುಸ್ತಕಗಳಲ್ಲಿ ಹಾರ್ಮೋನಿಗೇ ಆ ಹೆಸರಿದೆ. “ಜಿಎಲ್‌ಪಿ-1 ಹಾರ್ಮೋನಿನಂತೆಯೇ ಕೆಲಸ ಮಾಡುವ ಔಷಧ” ಎಂದರೆ ಗ್ರಾಹಿಯ ಹಂಗೂ ಇರುವುದಿಲ್ಲ.

‘ಗ್ಲಿಪ್ಟಿನ್’ ಗುಂಪಿನ ಮಾತ್ರೆಗಳನ್ನು (ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಟೆನಿಲಿಗ್ಲಿಪ್ಟಿನ್) ಇದೇ ವಾಕ್ಯಕ್ಕೆ ಸೇರಿಸಬಾರದು. ಅವು ಡಿಪಿಪಿ-4 ಕಿಣ್ವವನ್ನು ತಡೆದು ದೇಹದ ಸ್ವಂತ ಜಿಎಲ್‌ಪಿ-1 ಸ್ವಲ್ಪ ಹೊತ್ತು ಹೆಚ್ಚು ಉಳಿಯುವಂತೆ ಮಾಡುತ್ತವೆ. ಸಕ್ಕರೆ ಇಳಿಯುತ್ತದೆ, ತೂಕ ಇಳಿಯದು.

ಪ್ರಶ್ನೆ ಕೇಳಿದವರಿಂದ

‘ಇಳಿಸು’, ‘ಬೊಜ್ಜು’ ಎರಡೂ ಒಪ್ಪಿಗೆ. ‘ಪ್ರತಿರೋಧ’ದ ಬಗ್ಗೆ ಯಾರೂ ಹೇಳಲಿಲ್ಲ. ‘ರೋಗನಿರೋಧಕ ಶಕ್ತಿ’ ಕೇಳಿ ಕೇಳಿ ಅಭ್ಯಾಸವಾದವರು ‘ಇನ್ಸುಲಿನ್ ಪ್ರತಿರೋಧ’ವನ್ನೂ ಒಳ್ಳೆಯ ಗುಣವೆಂದೇ ತಿಳಿಯುತ್ತಾರೆ. ಅದನ್ನು ‘ತಗ್ಗಿಸುತ್ತದೆ’ ಎಂದರೆ ಗಾಬರಿಯಾಗುವುದಿಲ್ಲವೇ? ಹಾಗೆಯೇ ‘ನರ’ ಕುರಿತು.

ಉತ್ತರ 3

ಪ್ರತಿರೋಧಕ್ಕೆ ‘ಇನ್ಸುಲಿನ್ ನಾಟದಿರುವುದು’ ಎನ್ನಿ. ‘ಮದ್ದು ನಾಟಲಿಲ್ಲ’ ಎಂಬ ಮಾತು ಹಳ್ಳಿ ಪಟ್ಟಣ ಎಲ್ಲೆಡೆ ತಿಳಿಯುತ್ತದೆ. ಶರೀರಶಾಸ್ತ್ರಕ್ಕೂ ಅದು ಸರಿ: ಇನ್ಸುಲಿನ್ ಇದೆ, ಆದರೆ ಸ್ನಾಯು, ಯಕೃತ್ತು, ಕೊಬ್ಬಿನ ಕೋಶಗಳು ಅದಕ್ಕೆ ಓಗೊಡುವುದಿಲ್ಲ. ಹೊಟ್ಟೆಯೊಳಗಿನ ಮತ್ತು ಯಕೃತ್ತಿನ ಕೊಬ್ಬು ಇಳಿದಾಗ ಮತ್ತೆ ನಾಟತೊಡಗುತ್ತದೆ.

‘ನರ’ವಂತೂ ಕೈಪಿಡಿಯಲ್ಲಿ ಇರಲೇಬಾರದು. ನಮ್ಮ ಆಡುಮಾತು ನರಕ್ಕೂ ರಕ್ತನಾಳಕ್ಕೂ ಒಂದೇ ಪದ ಬಳಸುತ್ತದೆ: ‘ನರಕ್ಕೆ ಇಂಜೆಕ್ಷನ್ ಕೊಟ್ಟರು’, ‘ಹಾರ್ಟಿನ ನರ ಬ್ಲಾಕ್ ಆಗಿದೆ’. ಬೇರೆ ಕಾಯಿಲೆಗಳಲ್ಲಿ ಹೇಗೋ ನಡೆಯುತ್ತದೆ. ಮಧುಮೇಹದಲ್ಲಿ ನರವೂ ಕೆಡುತ್ತದೆ, ರಕ್ತನಾಳವೂ ಕೆಡುತ್ತದೆ, ಎರಡರ ಲಕ್ಷಣ ಬೇರೆ. ಪಾದ ಜೋಮು ಹಿಡಿದು ಉರಿಯುವುದು ನರದ ತೊಂದರೆ. ಸ್ವಲ್ಪ ದೂರ ನಡೆದೊಡನೆ ಮೀನಖಂಡ ಹಿಡಿದುಕೊಂಡು, ನಿಂತರೆ ಹಗುರಾಗುವುದು ಅಪಧಮನಿ (ಹೃದಯದಿಂದ ರಕ್ತ ಒಯ್ಯುವ ನಾಳ) ಕಿರಿದಾದದ್ದರ ಲಕ್ಷಣ. ಈ ಎರಡನೆಯ ತೊಂದರೆ ಇದ್ದ ಮಧುಮೇಹಿಗಳಿಗೆ ವಾರಕ್ಕೆ 1 ಮಿ.ಗ್ರಾಂ. ಸೆಮಾಗ್ಲುಟೈಡ್ ಕೊಟ್ಟ ‘ಸ್ಟ್ರೈಡ್’ ಪ್ರಯೋಗದಲ್ಲಿ, 52 ವಾರಗಳ ಹೊತ್ತಿಗೆ ಅವರು ನಡೆಯಬಲ್ಲ ದೂರ ಹುಸಿ ಔಷಧದವರಿಗಿಂತ ಸುಮಾರು ಶೇ. 13ರಷ್ಟು ಹೆಚ್ಚಿತ್ತು. ಇದನ್ನು ‘ಕಾಲಿನ ನರ ಸುಧಾರಿಸಿತು’ ಎಂದು ಬರೆದರೆ, ಪಾದ ಉರಿಯುವವರು ಇದು ತಮಗೇ ಬಂದ ಔಷಧ ಎಂದುಕೊಳ್ಳುತ್ತಾರೆ.

> ಕಟ್ಟಿಕೊಂಡ ಕೊಬ್ಬನ್ನು ಶುದ್ಧಿ ಮಾಡುತ್ತದೆ

ಇದು ಇಡೀ ವಾಕ್ಯದ ದೊಡ್ಡ ತಪ್ಪು. ಪೈಪಿನೊಳಗೆ ಕಟ್ಟಿದ ಪಾಚಿಯಂತೆ ರಕ್ತನಾಳದೊಳಗೆ ಕೊಬ್ಬು ಮೆತ್ತಿಕೊಂಡಿರುತ್ತದೆ ಎಂಬ ಕಲ್ಪನೆ ಇದರ ಹಿಂದಿದೆ. ನಿಜದಲ್ಲಿ ಅದು ಕೂಡುವುದು ಗೋಡೆಯ ಒಳಗೆ. ಅಪಧಮನಿಯ ಒಳಪೊರೆ ಒಂದೇ ಕೋಶದಷ್ಟು ದಪ್ಪ. ಆ ಕೋಶಗಳು ನೈಟ್ರಿಕ್ ಆಕ್ಸೈಡ್ ಬಿಟ್ಟು ನಾಳವನ್ನು ಸಡಿಲವಾಗಿಡುತ್ತವೆ. ಸಕ್ಕರೆ ಏರಿ, ಇನ್ಸುಲಿನ್ ನಾಟದೆ, ಹೊಟ್ಟೆಯ ಕೊಬ್ಬಿನಿಂದ ಉರಿಯೂತದ ರಾಸಾಯನಿಕಗಳು ಬರತೊಡಗಿದರೆ ನೈಟ್ರಿಕ್ ಆಕ್ಸೈಡ್ ಕಡಿಮೆಯಾಗಿ ಪೊರೆ ಸೋರುತ್ತದೆ. ಎಲ್‌ಡಿಎಲ್ (ಕೊಲೆಸ್ಟರಾಲ್ ಹೊತ್ತ) ಕಣಗಳು ಪೊರೆಯ ಕೆಳಗೆ ಸೇರುತ್ತವೆ, ಬಿಳಿರಕ್ತಕಣಗಳು ಅವನ್ನು ನುಂಗಿ ಉಬ್ಬುತ್ತವೆ, ಮೇಲೆ ನಾರಿನ ಮುಚ್ಚಳ ಬೆಳೆಯುತ್ತದೆ. ಇದೇ ಪ್ಲಾಕ್. ಮುಚ್ಚಳ ಒಡೆದು ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ಹೃದಯಾಘಾತ ಅಥವಾ ಪಾರ್ಶ್ವವಾಯು.

ಔಷಧ ಇದನ್ನು ತೊಳೆದುಹಾಕುವುದಿಲ್ಲ. ತೂಕ, ಸಕ್ಕರೆ, ಉರಿಯೂತ ಇಳಿಯುತ್ತವೆ, ಮೇಲಿನ ರಕ್ತದೊತ್ತಡ ಸುಮಾರು 3 ಮಿ.ಮೀ. ಇಳಿಯುತ್ತದೆ. ನಾಡಿಬಡಿತ ಮಾತ್ರ ನಿಮಿಷಕ್ಕೆ ಎರಡು ಮೂರು ಏರುತ್ತದೆ. ಒಟ್ಟು ಫಲ ಗೊತ್ತಾದದ್ದು 2023ರ ‘ಸೆಲೆಕ್ಟ್’ ಪ್ರಯೋಗದಲ್ಲಿ: ಮಧುಮೇಹವಿಲ್ಲದ, ಬಿಎಂಐ 27 ಅಥವಾ ಹೆಚ್ಚಿದ್ದ, ಹೃದಯ-ರಕ್ತನಾಳದ ಕಾಯಿಲೆ ಮೊದಲೇ ಇದ್ದ 17,604 ಮಂದಿ. ಹೃದಯಾಘಾತ, ಪಾರ್ಶ್ವವಾಯು, ಹೃದಯ-ರಕ್ತನಾಳ ಕಾರಣದ ಸಾವು ಮೂರೂ ಸೇರಿ ಶೇ. 8ರಿಂದ ಶೇ. 6.5ಕ್ಕೆ ಇಳಿದವು. ಪತ್ರಿಕೆಗಳು ‘ಶೇ. 20 ಇಳಿಕೆ’ ಎಂದವು, ಅದೂ ಸುಳ್ಳಲ್ಲ. ಆದರೆ ‘ನೂರರಲ್ಲಿ ಇಪ್ಪತ್ತು ಮಂದಿ ಬದುಕಿದರು’ ಎಂದು ಓದಿಕೊಳ್ಳುವ ಅಪಾಯ ಕನ್ನಡದ ‘ಶೇ.’ಯಲ್ಲಿ ಯಾವಾಗಲೂ ಇದೆ. “ನೂರಕ್ಕೆ ಎಂಟರ ಕಡೆ ಆರೂವರೆ” ಎಂದರೆ ಯಾರಿಗೂ ತಪ್ಪು ತಿಳಿಯದು.

ಒಂದು ಎಚ್ಚರಿಕೆಯ ಸಾಲೂ ಬೇಕು. ‘ರಕ್ತನಾಳಕ್ಕೆ ಒಳ್ಳೆಯದು’ ಎಂದು ಸಾರಾಸಗಟಾಗಿ ಬರೆದರೆ ಕಣ್ಣಿನ ಮಾತು ಬಿಟ್ಟುಹೋಗುತ್ತದೆ. 2016ರ ‘ಸಸ್ಟೇನ್-6’ ಪ್ರಯೋಗದಲ್ಲಿ ಅಕ್ಷಿಪಟಲದ (ರೆಟಿನಾ) ತೊಡಕುಗಳು ಸೆಮಾಗ್ಲುಟೈಡ್ ಪಡೆದವರಲ್ಲಿ ಶೇ. 3, ಉಳಿದವರಲ್ಲಿ ಶೇ. 1.8 ಇದ್ದವು. ಬಹಳ ದಿನ ಏರಿದ್ದ ಸಕ್ಕರೆ ತಟ್ಟನೆ ಇಳಿದಾಗ, ಮೊದಲೇ ಹಾಳಾಗಿದ್ದ ಅಕ್ಷಿಪಟಲದ ಲೋಮನಾಳಗಳು (ಅತಿ ಸಣ್ಣ ರಕ್ತನಾಳಗಳು) ಇನ್ನಷ್ಟು ಕೆಡಬಹುದು. ಇನ್ಸುಲಿನ್‌ನಲ್ಲೂ ಹೀಗಾಗುವುದುಂಟು. ಶುರುಮಾಡುವ ಮೊದಲು ಕಣ್ಣಿನ ಪರೀಕ್ಷೆ ಆಗಲಿ.

ಇಷ್ಟೆಲ್ಲ ಸೇರಿಸಿದರೆ ವಾಕ್ಯ ಹೀಗಾಗಬಹುದು: “ಇದು ಕರುಳಿನ ಜಿಎಲ್‌ಪಿ-1 ಹಾರ್ಮೋನಿನಂತೆ ಕೆಲಸ ಮಾಡುವ ಇಂಜೆಕ್ಷನ್. ಹಸಿವು ತಗ್ಗಿಸಿ ತೂಕ ಇಳಿಸುತ್ತದೆ. ನಿಮ್ಮ ದೇಹದ ಇನ್ಸುಲಿನ್ ಮತ್ತೆ ನಾಟಲು ನೆರವಾಗುತ್ತದೆ. ಹೃದಯದ ಕಾಯಿಲೆ ಈಗಾಗಲೇ ಇದ್ದವರಲ್ಲಿ ಹೃದಯಾಘಾತದ ಅಪಾಯವನ್ನು ಕಡಿಮೆ ಮಾಡುತ್ತದೆ.” ಒಂದಿದ್ದದ್ದು ನಾಲ್ಕು ವಾಕ್ಯವಾಯಿತು.

ಉತ್ತರ 4

‘ಚುಚ್ಚುಮದ್ದು’ ಬಿಟ್ಟು ‘ಇಂಜೆಕ್ಷನ್’ ಹಾಕಿದ್ದು ಒಳ್ಳೆಯದಾಯಿತು. ಚುಚ್ಚುಮದ್ದು ಎಂದರೆ ಈಗ ಬಹಳ ಜನಕ್ಕೆ ಲಸಿಕೆಯೇ ನೆನಪಾಗುತ್ತದೆ. ಒಮ್ಮೆ ಹಾಕಿಸಿಕೊಂಡರೆ ಮುಗಿಯಿತು ಎಂಬ ಭಾವ ಅದರ ಹಿಂದೆಯೇ ಬರುತ್ತದೆ.

ಕೈಪಿಡಿಯಲ್ಲಿ ಸಕ್ಕರೆ ಇಳಿಸುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳೂ ಇದ್ದರೆ ‘ಮಧುಮೇಹ’ ಪದವೇ ಕಾಟ ಕೊಡುತ್ತದೆ. ಮೇಹ ಎಂದರೆ ಮೂತ್ರ. ಮೂತ್ರಪಿಂಡ ದಿನಕ್ಕೆ ಸುಮಾರು 180 ಗ್ರಾಂ ಸಕ್ಕರೆಯನ್ನು ಸೋಸಿ, ಪೂರ್ತಿ ವಾಪಸು ಹೀರಿಕೊಳ್ಳುತ್ತದೆ. ಈ ಮಾತ್ರೆಗಳು ಆ ಹೀರುವಿಕೆಯನ್ನು ತಡೆದು 60-80 ಗ್ರಾಂ ಮೂತ್ರದಲ್ಲಿ ಹೋಗುವಂತೆ ಮಾಡುತ್ತವೆ. ಅಂದರೆ ಪದದ ಅರ್ಥ ಹಿಡಿದರೆ ಮಧುಮೇಹಕ್ಕೆ ಮದ್ದು ಮಧುಮೇಹವೇ! ಲ್ಯಾಬಿನ ವರದಿಯಲ್ಲಿ ಮೂತ್ರದ ಸಕ್ಕರೆ ನಾಲ್ಕು ಪ್ಲಸ್ ಬಂದರೆ ಕಾಯಿಲೆ ಉಲ್ಬಣಿಸಿತೆಂದು ಮಾತ್ರೆ ನಿಲ್ಲಿಸಬಾರದು. ಮಾತ್ರೆ ಕೆಲಸ ಮಾಡುತ್ತಿರುವುದರ ಗುರುತು ಅದು. ಸಕ್ಕರೆಯ ಜೊತೆ ಉಪ್ಪು, ನೀರೂ ಹೊರಹೋಗಿ ರಕ್ತದೊತ್ತಡ ಇಳಿಯುತ್ತದೆ, ಜನನಾಂಗದಲ್ಲಿ ಶಿಲೀಂಧ್ರದ ಸೋಂಕು ಹೆಚ್ಚುತ್ತದೆ. ಊಟ ಬಿಟ್ಟಾಗ, ವಾಂತಿ ಭೇದಿಯಾದಾಗ ರಕ್ತದ ಸಕ್ಕರೆ ಹೆಚ್ಚಿರದಿದ್ದರೂ ರಕ್ತದಲ್ಲಿ ಕೀಟೋನ್ ಆಮ್ಲ ಏರಬಹುದು. ಶಸ್ತ್ರಚಿಕಿತ್ಸೆಗೆ 3 ದಿನ ಮೊದಲೇ ಇವೆರಡನ್ನೂ ನಿಲ್ಲಿಸಲು ಹೇಳುವುದು ಇದೇ ಕಾರಣಕ್ಕೆ.

ಡೋಸ್ ಬರೆಯುವಾಗ ‘ಮಿ.ಗ್ರಾಂ.’ ಮತ್ತು ‘ಯೂನಿಟ್’ ಬೆರೆಯದಿರಲಿ, ಇನ್ಸುಲಿನ್ ಪೆನ್ ಬಳಸಿದವರ ಕೈ ಯೂನಿಟ್ಟಿಗೆ ಒಗ್ಗಿರುತ್ತದೆ. ತೂಕ ಇಳಿಸಲು ಕೊಡುವ ಸೆಮಾಗ್ಲುಟೈಡ್ ವಾರಕ್ಕೆ 0.25 ಮಿ.ಗ್ರಾಂ.ನಿಂದ ಶುರುವಾಗಿ ನಾಲ್ಕು ನಾಲ್ಕು ವಾರಕ್ಕೆ 0.5, 1, 1.7, 2.4 ಎಂದು ಏರುತ್ತದೆ. ಟಿರ್ಜೆಪಟೈಡ್ 2.5ರಿಂದ, ಗರಿಷ್ಠ 15. ವಾಕರಿಕೆ ತಡೆದುಕೊಳ್ಳಲು ಹೊಟ್ಟೆಗೆ ಸಮಯ ಕೊಡುವ ಏಣಿ ಇದು. ‘ಬೇಗ ಇಳಿಯಲಿ’ ಎಂದು ಮೆಟ್ಟಿಲು ಹಾರಿದವರಿಗೆ ವಾಂತಿಯಾಗಿ, ನೀರಿನಂಶ ಕುಗ್ಗಿ, ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ಜೊತೆಗಿದ್ದರೆ ಅವುಗಳ ಡೋಸನ್ನು ವೈದ್ಯರು ಇಳಿಸಬೇಕಾಗಬಹುದು, ಇಲ್ಲದಿದ್ದರೆ ‘ಲೋ ಶುಗರ್’ ಆಗುತ್ತದೆ. ಮೇಲ್ಹೊಟ್ಟೆಯ ಬಿಡದ ನೋವು ಬೆನ್ನಿಗೆ ಹರಡಿದರೆ ಔಷಧ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು, ಮೇದೋಜೀರಕ ಗ್ರಂಥಿಯ ಉರಿಯೂತ ಇರಬಹುದು.

‘ಫ್ರಿಜ್ಜಿನಲ್ಲಿಡಿ’ ಎಂದಷ್ಟೇ ಬರೆದರೆ ಸಾಲದು. 2ರಿಂದ 8 ಡಿಗ್ರಿ ಬೇಕು, ಫ್ರೀಜರ್ ಬೇಡ, ಹಿಂಬದಿಯ ತಂಪು ಗೋಡೆಗೂ ತಾಗಿಸಬೇಡಿ ಎಂದಿರಲಿ. ಒಮ್ಮೆ ಹೆಪ್ಪುಗಟ್ಟಿದ ಪೆನ್ನು ಮತ್ತೆ ಕರಗಿ ತಿಳಿಯಾಗಿ ಕಂಡರೂ ಬಿಸಾಡಬೇಕು.