ಹಿರಿಯರಿಂದ ಬಂದ ಎರಡು ಮರದ ಕೊಳಲುಗಳನ್ನು ಗುರುತಿಸುವುದು ಹೇಗೆ?

ಪ್ರಶ್ನೆ:
ನಮ್ಮ ತಾತನವರ ವಸ್ತುಗಳ ನಡುವೆ ಪಾಶ್ಚಾತ್ಯ ಮಾದರಿಯ ಎರಡು ಕೊಳಲುಗಳು ದೊರೆತಿವೆ. ದೊಡ್ಡದು ಕಪ್ಪು ಮರದ್ದಾಗಿದ್ದು, ಅದರ ತಲೆಭಾಗ ಮಾತ್ರ ದಂತದಂತೆ ಬೆಳ್ಳಗಿದೆ ಮತ್ತು ಊದುವ ರಂಧ್ರದ ಪಕ್ಕದಲ್ಲಿ ಉದ್ದಕ್ಕೆ ಸೀಳು ಬಿಟ್ಟಿದೆ. ರಂಧ್ರಗಳನ್ನು ತೆರೆದು ಮುಚ್ಚುವ ಎಂಟು ಲೋಹದ ಕೀಗಳಿರುವ ಇದರ ಮೈಮೇಲೆ ‘ಮೇಯರ್’ ಎಂಬ ಮುದ್ರೆಯಿದೆ. ಚಿಕ್ಕದು ಆರು ಕೀಗಳ ಪಿಕೊಲೊ, ಅಂದರೆ ಪುಟ್ಟ ಕೊಳಲು. ಅದರ ಮೇಲೆ ತಯಾರಕರ ಹೆಸರಿಲ್ಲ, ‘ಎಚ್‌ಪಿ’ ಎಂಬ ಎರಡಕ್ಷರ ಮಾತ್ರ ಇದೆ. ಇವು ಯಾವ ಕಾಲದವು, ಈಗಲೂ ನುಡಿಸಲು ಯೋಗ್ಯವೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಮೊದಲಿಗೆ ಆ ಹೆಸರನ್ನು ಸದ್ಯ ಬದಿಗಿಡಿ. ಹ್ಯಾನೋವರಿನ ಎಚ್. ಎಫ್. ಮೇಯರ್ 19ನೆಯ ಶತಮಾನದ ಹೆಸರಾಂತ ತಯಾರಕರಾಗಿದ್ದುದು ನಿಜವಾದರೂ, ಅವರ ಮಾದರಿ ಎಷ್ಟು ಜನಪ್ರಿಯವಾಯಿತೆಂದರೆ, ಜರ್ಮನಿಯ ಅನೇಕ ಕಾರ್ಯಾಗಾರಗಳು ಅದೇ ವಿನ್ಯಾಸದ ಕೊಳಲುಗಳಿಗೆ ಅದೇ ಹೆಸರನ್ನು ಒತ್ತಿ ಹೊರದೇಶಗಳಿಗೆ ರಫ್ತು ಮಾಡಿದವು. ಮುದ್ರೆಯ ಬಳಿ ‘ಜರ್ಮನಿ’ ಎಂಬ ಪದವೂ ಇದೆಯೇ ನೋಡಿ. ಆಮದು ಸರಕಿನ ಮೇಲೆ ತಯಾರಾದ ದೇಶದ ಹೆಸರಿರಬೇಕೆಂದು ಅಮೆರಿಕ 1890ರ ಸುಂಕ ಕಾಯ್ದೆಯಲ್ಲಿ ವಿಧಿಸಿದ ಮೇಲೆ ಈ ಗುರುತು ಸಾಮಾನ್ಯವಾಯಿತು. ಆದರೆ ಆ ಪದ ಇಲ್ಲದ ಮಾತ್ರಕ್ಕೆ ಕೊಳಲು ಅದಕ್ಕಿಂತ ಹಳೆಯದೆಂದು ತೀರ್ಮಾನಿಸಲಾಗದು.

ಹೆಸರಿಗಿಂತ ಕೊಳಲಿನ ಮೈಯೇ ಹೆಚ್ಚು ನಂಬಿಕೆಗೆ ಅರ್ಹ. ಒಳಗಿನ ಕೊಳವೆ ತುದಿಯತ್ತ ಕಿರಿದಾಗುತ್ತ ಹೋಗಿ, ಬೆರಳುಗಳು ನೇರವಾಗಿ ಆರು ರಂಧ್ರಗಳನ್ನೇ ಮುಚ್ಚುವಂತಿದ್ದರೆ ಅದು ಹಳೆಯ ಪದ್ಧತಿಯ ಕೊಳಲು. ಥಿಯೊಬಾಲ್ಡ್ ಬೋಮ್ 1847ರಲ್ಲಿ ರೂಪಿಸಿದ, ಇಂದಿನ ಕೊಳಲುಗಳಿಗೆ ಮೂಲವಾದ ವಿನ್ಯಾಸದಲ್ಲಿ ಕೊಳವೆಯ ಮೈ ಸಮವಾಗಿದ್ದು, ತಲೆಭಾಗ ಮಾತ್ರ ಕಿರಿದಾಗುತ್ತದೆ. ಹಾಗೆಂದು 1847ರ ನಂತರ ಹಳೆಯ ಪದ್ಧತಿ ನಿಂತುಹೋಗಲಿಲ್ಲ. ಅಗ್ಗವಾದ್ದರಿಂದ 20ನೆಯ ಶತಮಾನದಲ್ಲಿಯೂ ಅವು ತಯಾರಾಗುತ್ತಿದ್ದವು. ನಿಮ್ಮದು ಇಂಥದ್ದೇ ಇರಬಹುದೆಂದು ನನ್ನ ಅಂದಾಜು. ಕೀಗಳು ಮರದಲ್ಲಿಯೇ ಕೆತ್ತಿ ಉಳಿಸಿದ ಉಬ್ಬುಗಳ ನಡುವೆ ಕೂತಿವೆಯೋ, ತಿರುಪಿನಿಂದ ನಿಲ್ಲಿಸಿದ ಲೋಹದ ಪುಟ್ಟ ಕಂಬಗಳ ಮೇಲೆ ಕೂತಿವೆಯೋ ಎಂಬುದನ್ನೂ ಗಮನಿಸಿ. ಮೊದಲನೆಯದು ಹಳೆಯ ಕ್ರಮ. ಆದರೆ ಕೆಲವು ತಯಾರಕರು ಅದನ್ನು ಬಹುಕಾಲ ಬಿಡಲಿಲ್ಲ.

ಉತ್ತರ 2:
ಪಿಕೊಲೊ ಮೇಲಿನ ಆ ಎರಡಕ್ಷರ ‘ಹೈ ಪಿಚ್’ (ಎತ್ತರದ ಶ್ರುತಿ) ಎಂಬುದರ ಸಂಕ್ಷೇಪ. ಇಂದು ‘ಎ’ ಸ್ವರಕ್ಕೆ 440 ಹರ್ಟ್ಜ್ (ಸೆಕೆಂಡಿಗೆ 440 ಕಂಪನ) ಎಂಬ ಶ್ರುತಿ ರೂಢಿಯಲ್ಲಿದೆ. ಹಿಂದೆ ಬ್ಯಾಂಡುಗಳಲ್ಲಿ ಅದು 452 ಹರ್ಟ್ಜ್‌ನ ಆಸುಪಾಸಿನಲ್ಲಿ, ಕೆಲವೊಮ್ಮೆ ಅದಕ್ಕೂ ಮೇಲೆ ಇರುತ್ತಿತ್ತು. ಈ ವ್ಯತ್ಯಾಸ ಸುಮಾರು ಅರ್ಧ ಸೆಮಿಟೋನಿನಷ್ಟು (ಸೆಮಿಟೋನ್ ಎಂದರೆ ಅಕ್ಕಪಕ್ಕದ ಎರಡು ಸ್ವರಸ್ಥಾನಗಳ ಅಂತರ) ಆಗುವುದರಿಂದ ತಲೆಭಾಗವನ್ನು ಹೊರಗೆಳೆದು ಸರಿಪಡಿಸಲು ಹೋದರೆ ಸ್ವರಗಳ ನಡುವಣ ಅಂತರವೇ ಕೆಡುತ್ತದೆ.

ಇಲ್ಲಿ ಇನ್ನೊಂದು ತೊಡಕಿದೆ. ಮಿಲಿಟರಿ ಬ್ಯಾಂಡುಗಳಿಗಾಗಿ, ಸಾಮಾನ್ಯ ಸಿ ಪಿಕೊಲೊಗಿಂತ ಒಂದು ಸೆಮಿಟೋನ್ ಮೇಲೆ ನುಡಿಯುವ ಡಿ ಫ್ಲಾಟ್ ಪಿಕೊಲೊಗಳೂ ಹೇರಳವಾಗಿ ತಯಾರಾಗುತ್ತಿದ್ದವು, ಮತ್ತು ನೋಟಕ್ಕೆ ಅವುಗಳನ್ನು ಸಿ ಪಿಕೊಲೊದಿಂದ ಬೇರ್ಪಡಿಸುವುದು ಕಷ್ಟ. ಕೀಗಳನ್ನು ಒತ್ತದೆ ಆರೂ ರಂಧ್ರಗಳನ್ನು ಬೆರಳಿನಿಂದ ಮುಚ್ಚಿ, ಮೆಲ್ಲನೆ ಊದಿ, ಸ್ವರವನ್ನು ಅಳೆದು ತೋರಿಸುವ ಟ್ಯೂನರಿನಲ್ಲಿ ನೋಡಿ. ಡಿ ಬಂದರೆ ಅದು ಇಂದಿನ ಶ್ರುತಿಯ ಸಿ ಪಿಕೊಲೊ. ಡಿ ಮತ್ತು ಈ ಫ್ಲಾಟ್ ನಡುವೆ ಮುಳ್ಳು ನಿಂತರೆ ಹೈ ಪಿಚ್‌ನ ಸಿ ಪಿಕೊಲೊ. ಈ ಫ್ಲಾಟ್‌ಗಿಂತಲೂ ಮೇಲೇರಿದರೆ ಹೈ ಪಿಚ್‌ನ ಡಿ ಫ್ಲಾಟ್ ವಾದ್ಯ.

ಉತ್ತರ 3:
ತಲೆಭಾಗದ ಸೀಳಿನ ಬಗ್ಗೆ ಒಂದು ಮಾತು. ಒಳಗೆ ಲೋಹದ ಕೊಳವೆ ಜೋಡಿಸಿದ ತಲೆಭಾಗಗಳಲ್ಲಿ ಇದು ತೀರಾ ಸಾಮಾನ್ಯ. ಹೊರಗಿನ ಮರವಾಗಲಿ ದಂತವಾಗಲಿ ಒಣಗಿ ಕುಗ್ಗುತ್ತದೆ, ಒಳಗಿನ ಲೋಹ ಕುಗ್ಗುವುದಿಲ್ಲ. ಅಂಟು ತುಂಬುವ ಮುನ್ನ ಅನುಭವಿ ರಿಪೇರಿಗಾರರಿಗೆ ತೋರಿಸಿ. ಅದು ದಂತವೇ ಎಂದು ತಿಳಿಯಲು ಕಾಯಿಸಿದ ಸೂಜಿ ಚುಚ್ಚುವ ಪರೀಕ್ಷೆಗಂತೂ ಕೈಹಾಕಬೇಡಿ, ಏಕೆಂದರೆ ಅದು ಸೆಲ್ಯುಲಾಯ್ಡ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್ ಆಗಿದ್ದರೆ ಥಟ್ಟನೆ ಹೊತ್ತಿಕೊಳ್ಳುತ್ತದೆ. ಅಡ್ಡಕ್ಕೆ ಕತ್ತರಿಸಿದ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ, ಆನೆದಂತದಲ್ಲಿ ಒಂದನ್ನೊಂದು ಹಾಯುವ ಸೂಕ್ಷ್ಮ ಕಮಾನು ಗೆರೆಗಳು ಕಾಣುತ್ತವೆ. ದಂತವೆಂದು ಖಚಿತವಾದರೆ, ಮಾರುವ ಅಥವಾ ಗಡಿ ದಾಟಿಸುವ ಮೊದಲು ಅದಕ್ಕೆ ಸಂಬಂಧಿಸಿದ ಕಾನೂನನ್ನು ವಿಚಾರಿಸುವುದು ಅಗತ್ಯ.

ಕೀಗಳು ಬೆಳ್ಳಗೆ ಹೊಳೆದರೂ ಬಹುತೇಕ ಜರ್ಮನ್ ಸಿಲ್ವರ್ (ತಾಮ್ರ, ನಿಕಲ್, ಸತುವಿನ ಮಿಶ್ರಲೋಹ) ಆಗಿರುತ್ತವೆ. ಹೆಸರಿನಲ್ಲಿರುವ ಬೆಳ್ಳಿ ಆ ಲೋಹದಲ್ಲಿಲ್ಲ. ಪಾಲಿಶ್ ಹಚ್ಚಿ ಉಜ್ಜಿದರೆ ಮುದ್ರೆಗಳು ಸವೆದು ಸಾಕ್ಷ್ಯವೇ ಅಳಿಸಿಹೋಗುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಪಿಕೊಲೊವನ್ನು ಸೂಚಿಸಿದಂತೆಯೇ ಊದಿ ನೋಡಿದೆ. ಮುಳ್ಳು ಡಿ ಮತ್ತು ಈ ಫ್ಲಾಟ್‌ಗಳ ನಡುವೆ ನಿಂತಿತು. ದೊಡ್ಡದರಲ್ಲಿ ಕೀಗಳು ಲೋಹದ ಕಂಬಗಳ ಮೇಲಿವೆ, ಮುದ್ರೆಯ ಕೆಳಗೆ ‘ಜರ್ಮನಿ’ ಎಂದೂ ಮಸುಕಾಗಿ ಕಾಣುತ್ತದೆ.

ಉತ್ತರ 1 ಬರೆದವರು:
ಹಾಗಾದರೆ ದೊಡ್ಡದು ಬಹುಮಟ್ಟಿಗೆ 1890ರ ನಂತರದ ರಫ್ತು ಕೊಳಲು. ಸೀಳು ಮುಚ್ಚಿಸಿದ ಬಳಿಕ ಮೊದಲ ಕೆಲವು ವಾರ ದಿನಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ಊದಬೇಡಿ, ಪ್ರತಿ ಸಲವೂ ಒಳಗಿನ ತೇವವನ್ನು ಒರೆಸಿಡಿ.